ಜೊತೆಗೆ ಹೆದರಿದ ಡಾಕ್ಟರಮ್ಮ

ಡಾಕ್ಟರಮ್ಮನ ಕೈ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಬೆನ್ನು ಮುಟ್ಟುವ ಮೊದಲು ಎರಡೂ ಅಂಗೈ ಗಸಗಸ ಉಜ್ಜಿ ಬಿಸಿ ಮಾಡಿಕೊಂಡು, "ಮುಟ್ಟಲಾ?" ಎಂದು ಕೇಳುವರು. ಹೊಸಕೋಟೆಯ ಅವರ ಪುಟ್ಟ ಕ್ಲಿನಿಕ್ಕಿಗೆ ಹೋಗುವ ಮೊದಲು ನನ್ನ ಬೆನ್ನನ್ನು ಹಿಂಡಿದವರು, ತಿರುಚಿದವರು, ಪಟ್ಟು ಹಾಕಿದವರು ಬೇಕಾದಷ್ಟು ಜನ. ಕೇಳಿ ಮುಟ್ಟಿದವರು ಇವರೊಬ್ಬರೇ.

ನಾನು ಪಿಲ್ಲಗುಂಪೆಯ ಕಾರ್ಖಾನೆಯೊಂದಕ್ಕೆ ಕೆಲಸದವರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್. ಅನುಗೊಂಡನಹಳ್ಳಿಯಿಂದ ಹೊರಟರೆ ರಸ್ತೆಯ ಒಂದೊಂದು ಹಂಪೂ ಸೊಂಟಕ್ಕೆ ಗೊತ್ತಾಗುತ್ತಿತ್ತು. ನೋವಿಗಿಂತ ಹೆದರಿಕೆಯೇ ದೊಡ್ಡದು. ಬಗ್ಗಿದರೆ ಬೆನ್ನು ಮುರಿದೇ ಹೋಗುತ್ತದೆಂದು ಶೂ ಲೇಸನ್ನೂ ಹೆಂಡತಿಯ ಕೈಲಿ ಕಟ್ಟಿಸಿಕೊಳ್ಳುತ್ತಿದ್ದೆ. ಹಾಸಿಗೆ ಹಿಡಿದರೆ ಸ್ಟೇರಿಂಗ್ ಇನ್ನೊಬ್ಬನ ಕೈಗೆ ಹೋಗುತ್ತದೆ, ಆಮೇಲೆ ನಾನು ಯಾರಿಗೂ ಬೇಡದವನಾಗುತ್ತೇನೆ ಎಂಬ ಭಯ.

"ನೋವು ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ," ಎಂದರು ಡಾಕ್ಟರಮ್ಮ ಮೊದಲ ದಿನವೇ. "ಬಸ್ ಓಡಿಸೋ ಹಾಗೆ ಮಾಡೋಣ. ಮಾತ್ರೆ ನಂದು, ವ್ಯಾಯಾಮ ನಿಂದು." ಪಕ್ಕದ ಕೋಣೆಯ ಫಿಸಿಯೋಥೆರಪಿಯವರ ಹತ್ತಿರ ಕಳಿಸಿದರು. ನಾನು ಹೆದರಿ ಅರ್ಧಂಬರ್ಧ ಬಗ್ಗಿ ಬಂದರೆ, "ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಆಯ್ತಲ್ಲಪ್ಪಾ ಇದು," ಎಂದು ಛೇಡಿಸುವರು. ಒಂದು ಮಾತು ಮಾತ್ರ ನಗದೆ ಹೇಳಿದ್ದರು: "ಕಾಲಿನ ಹೆಬ್ಬೆರಳು ಮೇಲಕ್ಕೆ ಎತ್ತೋಕೆ ಆಗದಿದ್ರೆ ಆ ಕ್ಷಣವೇ ಫೋನ್ ಮಾಡು."

ಹುಟ್ಟುವಾಗ ನನ್ನ ಕಾಲು ಮೊದಲು ಬಂದಿತ್ತಂತೆ. ಅಂಥವರು ಸೊಂಟ ಉಳುಕಿದವರ ಬೆನ್ನನ್ನು ಕಾಲಿನಿಂದ ಸವರಿದರೆ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ನನ್ನ ಬೆನ್ನೇ ಕೆಟ್ಟು ಕೂತಿದ್ದರೂ ಜನ ಬರುವುದು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಪಕ್ಕದ ಮನೆಯ ಗೌಡರು ಹಾರೆ ಎತ್ತಿ ಸೊಂಟ ಹಿಡಿಸಿಕೊಂಡು ಬಂದು ಜಗಲಿಯ ಮೇಲೆ ಬೋರಲು ಮಲಗಿದರು. ನಾನು ಗೋಡೆ ಹಿಡಿದು ಎಡಗಾಲು ಎತ್ತಿದೆ. ಪಾದ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಹೆಬ್ಬೆರಳನ್ನು ಎತ್ತಲು ನೋಡಿದೆ, ಅದು ನನ್ನದೇ ಅಲ್ಲ ಎನ್ನುವಂತೆ ಸುಮ್ಮನಿತ್ತು.

"ಏನಪ್ಪಾ, ಸುಮ್ನೆ ನಿಂತ್ಬಿಟ್ಟೆ?" ಎಂದರು ಗೌಡರು ಮಲಗಿದಲ್ಲಿಂದಲೇ.

ಗೋಡೆಗೆ ಒರಗಿ ಅಲ್ಲೇ ಕೂತು ಹೆಬ್ಬೆರಳನ್ನು ಕೈಯಿಂದ ಹಿಡಿದೆತ್ತಿದೆ. ಕೊನೆಗೆ ಗೌಡರೇ ಸೊಂಟ ಹಿಡಿದುಕೊಂಡು ಎದ್ದು ನನ್ನ ಹೆಂಡತಿಯನ್ನು ಕೂಗಿದರು.

ಫೋನಿನಲ್ಲಿ ಡಾಕ್ಟರಮ್ಮ ಕೇಳಿದ್ದು ಒಂದೇ: "ಒಂದಕ್ಕೆ ಹೋಗೋದು ಸರಿಯಾಗಿದೆಯಾ?" ಇದೆ ಎಂದೆ. "ಹೊರಟು ಬಾ." ಅವತ್ತು ಕ್ಲಿನಿಕ್ಕಿನ ಬಾಗಿಲು ಹಾಕಿ, ತಮ್ಮ ಕಾರಿನಲ್ಲೇ ನನ್ನನ್ನೂ ಹೆಂಡತಿಯನ್ನೂ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಸ್ಕ್ಯಾನ್ ಕೋಣೆಯ ಹೊರಗೆ ನನ್ನ ಪಕ್ಕ ಕೂತಿದ್ದಾಗ ನೋಡಿದೆ, ಮುಟ್ಟಿ ನೋಡುವುದೇನೂ ಇಲ್ಲದಿದ್ದರೂ ಅವರು ಅಂಗೈ ಗಸಗಸ ಉಜ್ಜುತ್ತಲೇ ಇದ್ದರು.

"ನಿಮ್ಗೂ ಹೆದರಿಕೆ ಆಗುತ್ತಾ ಡಾಕ್ಟ್ರೇ?"

"ಆಗದೆ ಏನು? ನಿನ್ನೊಬ್ಬನ್ನೇ ಕಳ್ಸಿ ಕ್ಲಿನಿಕ್ಕಲ್ಲಿ ಕೂತಿದ್ರೆ ಇನ್ನೂ ಜಾಸ್ತಿ ಆಗ್ತಿತ್ತು."

ಆ ಮಾತು ಕೇಳಿ ನನಗೆ ಯಾಕೋ ಧೈರ್ಯ ಬಂತು. ಡಿಸ್ಕ್ ನರವನ್ನು ಒತ್ತುತ್ತಿದೆ, ಔಷಧಿ ಕೊಟ್ಟು ನೋಡೋಣ, ಜಾಸ್ತಿಯಾದರೆ ಆಪರೇಷನ್ ಎಂದರು ಅಲ್ಲಿಯ ಡಾಕ್ಟರು. ಆಪರೇಷನ್ ಬೇಕಾಗಲಿಲ್ಲ. ಮಾತ್ರೆ, ವ್ಯಾಯಾಮ, ವಾರವಾರವೂ ಡಾಕ್ಟರಮ್ಮನ ತಪಾಸಣೆಯಲ್ಲಿ ತಿಂಗಳುಗಳು ಕಳೆದು ಪಾದ ನಿಧಾನಕ್ಕೆ ಮೇಲೆದ್ದಿತು. ಮತ್ತೆ ಬಸ್ ಹತ್ತಿದೆ. ನೋವು ಈಗಲೂ ಇದೆ, ಒಂದು ದಿನ ಕಡಿಮೆ, ಒಂದು ದಿನ ಹೆಚ್ಚು.

ಹೋದ ವರ್ಷ ಡಾಕ್ಟರಮ್ಮ ಹೃದಯಾಘಾತದಿಂದ ತೀರಿಕೊಂಡರು. ಅವರ ಮನೆಯ ಅಂಗಳದಲ್ಲಿ ಅವರಿಂದ ವಾಸಿಯಾದವರೇ ಸಾಲುಗಟ್ಟಿ ನಿಂತು ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಬಂದದ್ದು ಭಯ. ಇನ್ನು ಕಾಲು ಸೋತರೆ ಯಾರಿಗೆ ಫೋನ್ ಮಾಡಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಅಂಥ ಹೊತ್ತಿನಲ್ಲೂ ನನ್ನ ಬೆನ್ನಿನದೇ ಚಿಂತೆ. ಇದನ್ನು ಹೆಂಡತಿಗೂ ಹೇಳಲಾಗಲಿಲ್ಲ. ಅವರಿದ್ದಿದ್ದರೆ ಅವರಿಗೆ ಹೇಳುತ್ತಿದ್ದೆ.