ಬಂಗಲೆಯ ಮೇಜಿನ ನಡುವಿನ ಗೆರೆ

ಸುರಪುರದ ಗುಡ್ಡದ ಮೇಲಿನ ಹಳೇ ಬಂಗಲೆಗೆ ಅಡುಗೆ ಕೆಲಸಕ್ಕೆ ಸೇರಿದಾಗಿನಿಂದ ದುರಗಮ್ಮನ ಕಣ್ಣು ಅಲ್ಲಿನ ಊಟದ ಮೇಜಿನ ಮೇಲೇ ಇತ್ತು. ಯಾವನೋ ಇಂಗ್ಲಿಷ್ ಸಾಹೇಬ ಹಡಗಿನಲ್ಲಿ ತರಿಸಿದ್ದಂತೆ, ಮಹಾಗನಿ ಮರದ್ದು. ಒರೆಸಿದರೆ ಹಳೇ ಹುಣಸೆಹಣ್ಣಿನ ಬಣ್ಣ ಮಿನುಗುತ್ತಿತ್ತು. ಆದರೆ ಮೈತುಂಬ ಬಿಸಿ ಪಾತ್ರೆ ಇಟ್ಟ ಬಿಳಿ ಉಂಗುರಗಳು. ಒಂದು ಕಾಲಿನ ಹಿತ್ತಾಳೆ ಗಾಲಿ ಕಳೆದು ಅದರ ಕೆಳಗೆ ಫರಸಿ ಕಲ್ಲಿನ ತುಂಡು ಕೊಟ್ಟಿದ್ದರು. ಎಲ್ಲಕ್ಕಿಂತ ಅವಳನ್ನು ಕಾಡಿದ್ದು ಮೇಜಿನ ನಟ್ಟನಡುವೆ ಅಡ್ಡ ಹಾಯ್ದ ಗೆರೆ. ಅದರೊಳಗೆ ಬಿದ್ದ ರೊಟ್ಟಿ ಚೂರು ನೆಲದ ಮೇಲೆ ಎಲ್ಲೂ ಸಿಗುತ್ತಿರಲಿಲ್ಲ.

ಬಂಗಲೆ ನೋಡಿಕೊಳ್ಳುವ ಆಸೀಫ್ ಅದನ್ನು ಸೀಳೆಂದೇ ತಿಳಿದಿದ್ದ. ಬಡಿಗ ಮಲ್ಲಿನಾಥನನ್ನು ಕರೆಸಿ, ಕಬ್ಬಿಣದ ಪಟ್ಟಿ ಬಡಿಯಲು ಹೇಳಿ ಯಾದಗಿರಿಗೆ ಹೋದ.

ಮಲ್ಲಿನಾಥ ಸುತ್ತಿಗೆ ಎತ್ತಿದಾಗ ದುರಗಮ್ಮನಿಗೆ ತಡೆಯಲಾಗಲಿಲ್ಲ. "ತಡಿಯಪ್ಪಾ. ಸೀಳಿದ್ದು ಹಾವು ಹರದಂಗ ಇರ್ತದ. ಇದು ದಾರ ಹಿಡದಂಗ ನೆಟ್ಟಗದ ನೋಡು."

ಅವನು ಮೊಬೈಲ್ ಬೆಳಕು ಹಿಡಿದು ಮೇಜಿನಡಿ ನುಸುಳಿದ. "ಯಕ್ಕಾ, ಇಲ್ಲಿ ಮರದ ಹಳಿ ಅದಾವ! ಇದು ಬಿಚ್ಚೂ ಮೇಜು ಇದ್ದಂಗದ. ನಡಿ, ಜಗ್ಗಿ ನೋಡೂಣು."

ಹಳಿಗೆ ಮೇಣದ ಬತ್ತಿ ತಿಕ್ಕಿ ಇಬ್ಬರೂ ಒಂದೊಂದು ತುದಿ ಹಿಡಿದು ಎಳೆದರು. ಮೇಜು ನರಳಿತು, ಆಮೇಲೆ ಬಾಯಿ ಬಿಟ್ಟಿತು. ಒಳಗಿನಿಂದ ರೊಟ್ಟಿ ಚೂರುಗಳು, ಹಲ್ಲಿಯ ಮೊಟ್ಟೆಯ ಸಿಪ್ಪೆ, ಎಲುಬಿನಲ್ಲಿ ಮಾಡಿದ ಒಂದು ಅಂಗಿ ಗುಂಡಿ ಉದುರಿದವು. ನಡುವೆ ಮೊಳದಗಲ ಬರಿದು. ಎರಡೂ ಅಂಚಿನಲ್ಲಿ ಸಣ್ಣ ತೂತುಗಳು.

"ಇಲ್ಲೊಂದು ಹಲಗಿ ಕೂಡಬೇಕು," ಎಂದ ಮಲ್ಲಿನಾಥ. "ಎಲ್ಲಿ ಹೋಗ್ಯಾದೋ."

ಉಗ್ರಾಣ, ಕೊಟ್ಟಿಗೆ ಎಲ್ಲಾ ಜಾಲಾಡಿದರೂ ಸಿಗಲಿಲ್ಲ. ತನಗಿಂತ ಮೊದಲು ಅಲ್ಲಿ ಅಡುಗೆ ಮಾಡುತ್ತಿದ್ದ ಮುದುಕಿ ಅನ್ವರಬಿಯನ್ನು ಕೇಳೋಣವೆಂದು ದುರಗಮ್ಮ ರಂಗಂಪೇಟೆಗೆ ಇಳಿದಳು. ಅನ್ವರಬಿ ಅಂಗಳದಲ್ಲಿ ಉದ್ದನೆಯ ಹಲಗೆಯ ಮೇಲೆ ಶಾವಿಗೆ ಹೊಸೆಯುತ್ತಿದ್ದಳು. ದುರಗಮ್ಮ ಮಾತು ತೆಗೆಯುವ ಮೊದಲೇ ಹಲಗೆಯ ಅಂಚು ಸವರಿದಳು. ಬೆರಳಿಗೆ ಮೇಜಿನ ತೂತಿನಷ್ಟೇ ದಪ್ಪದ ಸಣ್ಣ ಗೂಟ ತಾಗಿತು.

"ಈ ಹಲಗಿ ಎಲ್ಲೀದು ಆಯಿ?"

ಅನ್ವರಬಿಯ ಕೈ ನಿಂತಿತು. "ನಮ್ಮ ಮಾವ ತಂದಿದ್ದು. ಬ್ಯಾಡಾಗ್ಯಾದ, ಒಯ್ಯಿ ಅಂದಿದ್ರಂತ ಬಂಗಲೇದವ್ರು. ಯಾಕವ್ವಾ, ವಾಪಸ್ ಕೇಳಾಕ ಬಂದಿಯೇನು?"

"ಇಲ್ಲ ಆಯಿ. ಒಂದ್ಸಲ ಮೇಜಿಗಿ ಕೂಡಿಸಿ ನೋಡಬೇಕಂತ ಆಸಿ."

"ಆ ಮೇಜು ಬಿಚ್ಚತದೇನು!" ಮುದುಕಿ ಸೆರಗಿಗೆ ಕೈ ಒರೆಸುತ್ತ ಎದ್ದೇಬಿಟ್ಟಳು. "ನನ್ನ ವಯಸ್ಸೆಲ್ಲಾ ಅಲ್ಲೇ ಹೋತು, ನನಗ ಗೊತ್ತೇ ಇಲ್ಲ. ನಡಿ, ನಾನೂ ಬರ್ತೀನಿ."

ಹಲಗೆಯನ್ನೂ ಮುದುಕಿಯನ್ನೂ ದುರಗಮ್ಮ ಆಟೋದಲ್ಲಿ ಗುಡ್ಡ ಹತ್ತಿಸಿದಳು. ಮುರಿದಿದ್ದ ಒಂದು ಗೂಟದ ಬದಲು ಮಲ್ಲಿನಾಥ ಜಾಲಿ ಕಟ್ಟಿಗೆಯದು ಕೆತ್ತಿ ಹೊಡೆದ. ತೊಳೆದು ತೊಳೆದು ಬಿಳಿಚಿಕೊಂಡ ಹಲಗೆ ಆ ಕೆಂಪು ಮೇಜಿನ ನಡುವೆ ಬೇರೆ ಬಟ್ಟೆಯ ತೇಪೆಯಂತೆ ಕಂಡರೂ ಕೂದಲೆಳೆ ಸಂದಿಲ್ಲದೆ ಕೂತಿತು.

ಸಂಜೆ ಬಂದ ಆಸೀಫ್ ಬಾಗಿಲಲ್ಲೇ ನಿಂತ. ಆಮೇಲೆ ಮೇಜಿನ ಸುತ್ತ ಒಂದು ಸುತ್ತು ಬಂದ. "ಇಷ್ಟುದ್ದ ಇತ್ತೇನ್ರಿ ಇದು?"

"ಇತ್ತಪ್ಪಾ. ಹಲಗಿ ಇಲ್ಲೇ ಇರಲಿ," ಎಂದಳು ಅನ್ವರಬಿ. "ಶಾವಿಗಿ ಹೊಸ್ಯಾಕ ನಾನೇ ಬರ್ತೀನಿ, ನೀ ಬಾಗಿಲಾ ತಗಿ."

ದುರಗಮ್ಮ ಎಲ್ಲರಿಗೂ ರೊಟ್ಟಿ, ಪುಂಡಿ ಪಲ್ಯ ಬಡಿಸಿದಳು. ಇಷ್ಟು ವರ್ಷ ಆ ಮೇಜಿಗೆ ನಿಂತೇ ಬಡಿಸಿದ್ದ ಅನ್ವರಬಿ ಕುರ್ಚಿಯ ತುದಿಯಲ್ಲಿ ಕೂತು, ಮೊಣಕೈ ಎಲ್ಲಿಡಬೇಕೆಂದು ತಿಳಿಯದೆ ಸಣ್ಣಗೆ ನಕ್ಕಳು.