ಮುಧೋಳ ನಾಯಿಗಳ ತವರುಮನೆ

ಕಳೆದ ವಾರ ನಮ್ಮ ಸೊಸೈಟಿಯ ಲಿಫ್ಟಿನೊಳಗೆ ಬೇವಿನೆಣ್ಣೆಯ ವಾಸನೆ ಗಪ್ಪೆಂದು ಹೊಡೆಯಿತು. ಯಾರೋ ತಮ್ಮ ನಾಯಿಯ ಮೈಗೆ ಸವರಿ ಆಗಷ್ಟೇ ಇಳಿಸಿಕೊಂಡು ಹೋಗಿದ್ದರು. ಜೊತೆಗಿದ್ದವರು ಮೂಗು ಮುಚ್ಚಿಕೊಂಡರು. ನಾನು ಇಳಿಯುವ ಮಹಡಿಯನ್ನೇ ಮರೆತು ಮೇಲಿನವರೆಗೆ ಹೋದೆ. ಪುಣೆಯ ಕೊಂಢವಾ ಬಡಾವಣೆಯ ಆ ಹಳೆಯ ಅಂಗಳ, ಉಣ್ಣಿ ಹತ್ತದಿರಲೆಂದು ಎಣ್ಣೆ ಹಚ್ಚಿಸಿಕೊಳ್ಳಲು ನಿಂತ ಉದ್ದ ಮೂತಿಯ ನಾಯಿಗಳು, ಸೆರಗು ಸಿಕ್ಕಿಸಿ ಕೂತ ಕಾಕು...

ಕಾಕು ನನ್ನ ಮನೆಯೊಡತಿ. ವಿಜಯಪುರದಿಂದ ಪುಣೆಯ ಬ್ಯಾಂಕಿಗೆ ವರ್ಗವಾಗಿ ಬಂದ ನನಗೆ ಅವರ ಮಹಡಿಯ ಮೇಲೆ ಬಾಡಿಗೆಗೆ ಜಾಗ ಸಿಕ್ಕಿತ್ತು. ಅವರ ತವರು ಮುಧೋಳದ ಕಡೆ. ಮದುವೆಯಾಗಿ ಬರುವಾಗ ಅಪ್ಪನ ಮನೆಯ ನಾಯಿಮರಿಯೊಂದನ್ನು ಬುಟ್ಟಿಯಲ್ಲಿ ತಂದಿದ್ದರಂತೆ. ಅಂಗಳ ತುಂಬ ಇದ್ದದ್ದು ಅದರದೇ ಸಂತಾನ.

ಮರಿ ಒಯ್ಯುವವರಿಗೆ ಅವರದೊಂದು ಷರತ್ತಿತ್ತು. ಪ್ರತಿ ನಾಗರ ಪಂಚಮಿಗೆ ಅದನ್ನು ತವರಿಗೆ ಕರೆತರಬೇಕು. ನಮ್ಮ ಕಡೆ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬರುವ ಹಾಗೆ. ಗಂಡು ನಾಯಿಗಳಿಗೂ ರಿಯಾಯಿತಿ ಇರಲಿಲ್ಲ! ಸದಾಶಿವ ಪೇಠದ ಮರಾಠಿ ಮಂದಿ ಮೊದಲು ನಕ್ಕರು, ಆಮೇಲೆ ನಾಯಿಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಬಂದರು. ಮಂದಿಗೆ ಶೇಂಗಾ ಉಂಡೆ, ನಾಯಿಗಳಿಗೆ ಜೋಳದ ನುಚ್ಚು, ಮಜ್ಜಿಗೆ.

ಇದೆಲ್ಲ ಬರೀ ಮಮತೆ ಎಂದೇ ನಾನು ತಿಳಿದಿದ್ದೆ. ಆದರೆ ಕಾಕು ಮೈದಡವುತ್ತಲೇ ಹಲ್ಲು ನೋಡುತ್ತಿದ್ದರು, ಕೀಲು ಒತ್ತುತ್ತಿದ್ದರು, ಅಂಗಳದ ಉದ್ದಕ್ಕೆ ಓಡಿಸುತ್ತಿದ್ದರು. ಹುಟ್ಟಿಸಿದ ಮರಿ ಬೆಳೆದು ಏನಾಯಿತೆಂದು ನೋಡದೆ ಮತ್ತೆ ಮರಿ ಹಾಕಿಸಬಾರದೆಂಬುದು ಅವರ ಹಟ. ನಾಯಿ ದಪ್ಪಗಾಗಿದ್ದರೆ ಬೈಗುಳ ಒಡೆಯನಿಗೆ. ಬಾಣಂತಿಗೆ ತಿನ್ನಿಸಿದಂತೆ ತಿನ್ನಿಸಿದ್ದೀರಿ ಎಂದು ಎಲ್ಲರೆದುರೇ ಅನ್ನುತ್ತಿದ್ದರು.

ಇಷ್ಟು ಜಾಣೆ ಎಡವಿದ್ದು ನಮ್ಮವರಷ್ಟೇ ಎಡವಬಹುದಾದ ಜಾಗದಲ್ಲಿ. ಸರದಾರ ಎಂಬ ಅವರ ಗಂಡು ನಾಯಿ ಹೋದ ಪ್ರದರ್ಶನದಲ್ಲೆಲ್ಲ ಗೆದ್ದು ಬರುತ್ತಿತ್ತು. ಆ ಚೆಲುವು ಮನೆಬಿಟ್ಟು ಹೋಗಬಾರದೆಂದು ಅದರ ಅಕ್ಕನ ಮಗಳನ್ನೇ ಅದಕ್ಕೆ ಕೂಡಿಸಿದರು. ನಾಯಿ ನೋಡುವ ಮರಾಠಿ ಡಾಕ್ಟರು ಬೇಡವೆಂದರು. ಸೋದರಮಾವನಿಗೆ ಕೊಟ್ಟರೆ ಮನೆತನ ಹುಡುಕುವ ಕಷ್ಟವಿಲ್ಲ ಎಂದು ಕಾಕು ನಕ್ಕರು. ಅವರು ಕಟ್ಟಿಕೊಂಡದ್ದೂ ಸೋದರಮಾವನನ್ನೇ. ಡಾಕ್ಟರು ಚೀಲ ಎತ್ತಿಕೊಂಡು ಹೊರಟರು.

ಮರಿಗಳು ದೃಷ್ಟಿ ತಗಲುವಷ್ಟು ಚೆಂದವಿದ್ದವು. ಒಂದು ಹೆಣ್ಣುಮರಿಯನ್ನು ನಾನೇ ಇಟ್ಟುಕೊಂಡೆ. ಅವು ಬೆಳೆದು ದೊಡ್ಡವಾದ ಮೇಲೊಂದು ಪಂಚಮಿ, ಮೋಡ ಕವಿದ ಸಂಜೆ. ಓಡಿಬಂದ ಒಂದು ನಾಯಿ ಹಬ್ಬದ ಜೋಕಾಲಿಯ ಕಂಬಕ್ಕೆ ಹೋಗಿ ಬಡಿಯಿತು. ಇನ್ನೊಂದು ಮೆಟ್ಟಿಲ ಮುಂದೆ ನಿಂತು ಕಾಲಿನಿಂದ ತಡವರಿಸಿತು. ನಾವೆಲ್ಲ ನಗುತ್ತಿದ್ದೆವು, ಕಾಕು ಮಾತ್ರ ನಗಲಿಲ್ಲ.

ಎರಡರ ಕಣ್ಣೂ ಮೆಲ್ಲಗೆ ಆರುತ್ತಿವೆ ಎಂದರು ಡಾಕ್ಟರು. ದೋಷ ತಂದೆತಾಯಿ ಇಬ್ಬರಿಂದಲೂ ಬಂದದ್ದು; ಒಬ್ಬರಿಂದಷ್ಟೇ ಬಂದರೆ ಕಣ್ಣು ಕಂಡರೂ ಅದು ಒಳಗೇ ಅಡಗಿ ಮುಂದಿನ ಮರಿಗಳಿಗೆ ದಾಟುತ್ತದಂತೆ. ಆ ಮನೆಯ ಯಾವ ನಾಯಿಯ ರಕ್ತದಲ್ಲಿ ಅದು ಅಡಗಿದೆ, ಯಾವುದರಲ್ಲಿ ಇಲ್ಲ ಎಂದು ಹೇಳುವ ದಾರಿ ಅವರಿಗೆ ಗೊತ್ತಿರಲಿಲ್ಲ.

ಸರದಾರನ ಮರಿಗಾಗಿ ಕಾದಿದ್ದವರೊಬ್ಬರು ಉಪಾಯ ಹೇಳಿದರು. ಹೊರಗಿನ ಹೆಣ್ಣು ತಂದು ಕೂಡಿಸಿದರೆ ಮರಿಗಳ ಕಣ್ಣಿಗೇನೂ ಆಗದು, ಯಾರಿಗೂ ತಿಳಿಯುವುದೂ ಇಲ್ಲ. ಕಾಕು ಸರದಾರನ ಕಿವಿ ನೇವರಿಸುತ್ತ ಅಂದರು:

“ಆ ಮರಿಗೋಳ ಕಣ್ಣು ಕಂಡಾವ್ರಿ. ಅವುಗಳ ಮಕ್ಕಳ ಕಣ್ಣು ಹೋದ್ರ, ಪಂಚಮಿಗೆ ನಾ ಯಾರ ಮಾರಿ ನೋಡ್ಲಿ?”

ಮರಿ ಒಯ್ದವರನ್ನೆಲ್ಲ ಕರೆಸಿ, ತಪ್ಪು ನನ್ನದು, ನಾಯಿಯದಲ್ಲ ಎಂದು ಕೈಮುಗಿದು ಹೇಳಿದರು. ಮರಿಯಾಗದಂತೆ ಎಲ್ಲ ನಾಯಿಗಳಿಗೂ ಆಪರೇಷನ್ ಮಾಡಿಸಿದರು, ಮೊದಲು ಸರದಾರನಿಗೇ. ನಮ್ಮಪ್ಪನ ಮನೆಯದು ಇಷ್ಟೇ ಉಳಿದಿತ್ತು ಎಂದು ಆ ದಿನ ಅತ್ತರು. ನನ್ನ ನಾಯಿಗೆ ಕಣ್ಣು ಚೆನ್ನಾಗಿ ಕಾಣುತ್ತದಲ್ಲ ಎಂದು ನಾನು ವಾದಿಸಿದೆ.

“ಈಕಿ ಕಣ್ಣು ಛಲೋ ಅದಾವ, ತಂಗಿ. ಒಳಗ ಏನು ಹೊತ್ತಾಳೋ, ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.”

ಕಣ್ಣು ಹೋದ ಎರಡನ್ನೂ ತಾವೇ ವಾಪಸು ತಂದು ಸಾಕಿದರು. ಅವುಗಳಿಗೆ ದಾರಿ ತಪ್ಪಬಾರದೆಂದು ಅಂಗಳದಲ್ಲಿ ಒಂದು ಕುರ್ಚಿಯನ್ನೂ ಕದಲಿಸಲು ಬಿಡುತ್ತಿರಲಿಲ್ಲ. ಪಂಚಮಿ ನಿಲ್ಲಲಿಲ್ಲ. ವರ್ಷ ವರ್ಷ ಬರುವ ನಾಯಿಗಳು ಕಡಿಮೆಯಾದವು, ಅಷ್ಟೇ... ಅಂಥ ಗಟ್ಟಿ ಹೆಂಗಸನ್ನು ನಾನು ಮತ್ತೆ ಕಂಡಿಲ್ಲ.

ಈಗ ಕಾಕು ಇಲ್ಲ. ನನ್ನ ನಾಯಿಯೂ ಮುದಿಯಾಗಿ ಹೋದ ವರ್ಷ ತೀರಿತು. ಅದರ ಕಣ್ಣು ಕೊನೆಯವರೆಗೂ ಚುರುಕಾಗಿಯೇ ಇತ್ತು.

ಮೊನ್ನೆ ಸೋಲಾಪುರದಿಂದ ಯಾರೋ ಫೋನ್ ಮಾಡಿದ್ದರು. ಸರದಾರನ ವಂಶದ ಮರಿ ಎಲ್ಲಾದರೂ ಸಿಕ್ಕೀತೇ, ಎಷ್ಟು ದೂರವಾದರೂ ಬರುತ್ತೇನೆ ಎಂದರು. ಒಂದೂ ಇಲ್ಲ ಎಂದೆ. ಅಂಥ ತಳಿ ಹಾಗೇ ಮುಗಿದುಹೋಯಿತೇ ಎಂದು ಅವರು ಮರುಗಿದರು.

“ಹಂಗೇ ಮುಗೀಲಿಲ್ರಿ,” ಎಂದೆ. “ನಮ್ಮ ಕಾಕು ಮುಗಿಸಿದ್ರು.”