ಅವ್ವ ಮಡುವಿಗಿಳಿದ ಬೇಸಿಗೆ

ಬೇಸಿಗೆ ಬಂತೆಂದರೆ ಕಂಪ್ಲಿಯ ನಮ್ಮ ಇಡೀ ಸಂಸಾರ ಹೊಳೆದಂಡೆಯಲ್ಲೇ ಇರುತ್ತಿದ್ದ ಕಾಲ ಅದು. ಅಣೆಕಟ್ಟಿನಿಂದ ನೀರು ಬಿಡುವುದು ನಿಂತು ತುಂಗಭದ್ರೆ ಬಂಡೆಗಳ ನಡುವೆ ಬಿಡಿ ಬಿಡಿ ಮಡುಗಳಾಗುತ್ತಿದ್ದಳು. ದಂಡೆಗೆ ಆಳೆತ್ತರದ ಜೊಂಡು, ಅದರ ಹಿಂದೆ ಹೊಂಗೆ, ಜಾಲಿ. ಕಾದ ಬಂಡೆ, ಪಾಚಿ, ಹೊಂಗೆಹೂವು, ಹುಣಸೆಹುಳಿ ಹಿಂಡಿದ ಮೀನಸಾರು, ಎಲ್ಲ ಬೆರೆತ ಒಂದು ವಾಸನೆ.

ಅಪ್ಪ ಹರಿಗೋಲಿನಲ್ಲಿ ಹೋಗಿ ಬಲೆ ಹಾಕುತ್ತಿದ್ದ. ನಾನೂ ತಮ್ಮನೂ ನುಣುಪು ಬಂಡೆಯಿಂದ ನೀರಿಗೆ ಜಾರುತ್ತಿದ್ದೆವು. ಆಚೆ ದಡದಲ್ಲಿ ನೀರುನಾಯಿಗಳೂ ಮರಿಗಳನ್ನು ಕಟ್ಟಿಕೊಂಡು ಹಾಗೇ ಜಾರುತ್ತಿದ್ದವು, ಸೀಟಿ ಹೊಡೆದಂತೆ ಕೂಗುತ್ತ. ನಮಗವು ಆಟದ ಜೊತೆಗಾರರು, ಅವ್ವನಿಗೆ ಶತ್ರುಗಳು. ಬಲೆ ಹರಿದು ಮೀನು ತಿಂದು ಹೋದರೆ ಹೊಲಿಯಬೇಕಾದವಳು ಆಕೆಯೇ. ಆ ವರ್ಷವಂತೂ ಹರಿದದ್ದೇ ಹರಿದದ್ದು.

ಅಂಥದರಲ್ಲಿ ಸಂಡೂರಿನ ಗಣಿಯಲ್ಲಿ ಕೆಲಸಕ್ಕಿದ್ದ ಸೋದರಮಾವ ಬಂದ. ಬಂಡೆ ಸಿಡಿಸುವ ತೋಟಾ ಒಂದನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದ.

"ಎಷ್ಟಂತ ಹೊಲೀತೀ ಅಕ್ಕಾ? ಮಡುವಿಗೆ ಇದನ್ನ ಒಗದ್ರ ಮೀನೂ ಸಿಗ್ತಾವ, ಆ ನಾಯಿಗಳ ಕಾಟಾನೂ ಮುಗೀತೈತಿ."

ಅಪ್ಪನಿಗೂ ಸಾಕಾಗಿತ್ತು. "ಆಗ್ಲಿ ಬಿಡು" ಅಂದ.

ಅವ್ವ ಬಲೆ ಕೆಳಗಿಟ್ಟಳು. ಸೀರೆ ಎತ್ತಿಕಟ್ಟಿ ಮಡುವಿಗಿಳಿದು ನಡುಮಟ್ಟದ ನೀರಿನಲ್ಲಿ ನಿಂತಳು.

"ಅಕ್ಕಾ, ಮ್ಯಾಲ ಬಾ. ಹುಚ್ಚು ಹಿಡದೈತೇನು?"

"ಒಗಿಯಪ್ಪಾ, ನನ್ನ ಮ್ಯಾಲೇ ಒಗಿ. ಮರಿ, ತತ್ತಿ ಎಲ್ಲಾ ಸತ್ತಮ್ಯಾಲೆ ಬರೋ ವರ್ಷ ನನ್ನ ಮಕ್ಕಳು ಏನು ತಿನ್ನಬೇಕು? ನಿನ್ನ ಗಣಿ ಮಣ್ಣಾ?"

"ಆ ನಾಯಿಗಳ ಸಲುವಾಗಿ ನನ್ನ ಕೂಡ ಜಗಳಾನಾ?"

"ಅವು ಹೊಟ್ಟಿ ತುಂಬಿದ ಮ್ಯಾಲೆ ಹೋಗ್ತಾವಲೇ. ನೀನು ಹೊಳೀನ ತಿಂತೀ."

ನಾನು ಅಳತೊಡಗಿದೆ. ಬಿಸಿಲು ನೆತ್ತಿಗೇರಿದರೂ ಅವ್ವ ಕದಲಲಿಲ್ಲ. ಕೊನೆಗೆ ಮಾವ ಉಣ್ಣದೆಯೇ ಎದ್ದು ನಡೆದ.

ಮಧ್ಯಾಹ್ನ ಕೆಳಗಿನ ಮಡುವಿನ ಕಡೆಯಿಂದ ಧಡ್ ಎಂದು ಸದ್ದಾಯಿತು. ಕೂತಿದ್ದ ಬಂಡೆ ನಡುಗಿತು. ಸಂಜೆ ಹೋಗಿ ನೋಡಿದರೆ ದೊಡ್ಡ ಮೀನುಗಳನ್ನೆಲ್ಲ ಮಾವ ಆರಿಸಿಕೊಂಡು ಹೋಗಿದ್ದ. ಬೆರಳುದ್ದದ ಮರಿಗಳು ಮಾತ್ರ ಬೆಳ್ಳಗೆ ತೇಲುತ್ತಿದ್ದವು. ಅವ್ವ ಅವನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದಳು. ಆಕೆ ಉಳಿಸಿದ್ದು ಒಂದೇ ಮಡು.

ಮಾವ ಮತ್ತೆಂದೂ ನಮ್ಮ ಮನೆಗೆ ಬರಲಿಲ್ಲ, ಪಂಚಮಿ ಹಬ್ಬಕ್ಕೂ ಅಕ್ಕನನ್ನು ತವರಿಗೆ ಕರೆಯಲಿಲ್ಲ. ನೀರುನಾಯಿಗಳು ಬಂದವು, ಬಲೆ ಹರಿದವು. ಅವ್ವ ಬೈಯುತ್ತ ಹೊಲಿಯುತ್ತಿದ್ದಳು. ಒಮ್ಮೊಮ್ಮೆ ಬೈಗುಳ ಅರ್ಧಕ್ಕೇ ನಿಲ್ಲುತ್ತಿತ್ತು. ತನ್ನ ತಮ್ಮನ ನೆನಪಾಗಿರಬೇಕು.

ಈಗ ಹೊಳೆಯ ಆ ಭಾಗ ನೀರುನಾಯಿಗಳ ಸಂರಕ್ಷಿತ ಪ್ರದೇಶ. ದಂಡೆಗೆ ಬೋರ್ಡು ಹಾಕಿದ್ದಾರೆ. ಹೋದ ಬೇಸಿಗೆ ಹೊಸಪೇಟೆಯಿಂದ ಮಗಳನ್ನು ಕರೆದುಕೊಂಡು ಹೋಗಿದ್ದೆ. ಜೊಂಡು ಇದ್ದಲ್ಲಿ ಭತ್ತದ ಗದ್ದೆ ನೀರಿನವರೆಗೂ ಇಳಿದಿದೆ. ಮರಳು ತೆಗೆದ ಗುಂಡಿಗಳಲ್ಲಿ ಹಸಿರು ನೊರೆ. ಬಿಸಿಲೇರುವವರೆಗೂ ಕಾದೆವು. ದೂರದಲ್ಲಿ ಒಂದು ತಲೆ ಎದ್ದು ಮುಳುಗಿದಂತಾಯಿತು. ಮಗಳು ಕಂಡಿತು ಅಂದಳು, ನನಗೆ ಖಾತ್ರಿಯಿಲ್ಲ.

ಮನೆಗೆ ಬಂದಾಗ, ಹೊಳೆ ಕಂಡು ವರ್ಷಗಳೇ ಆಗಿದ್ದ ಅವ್ವ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು: "ಹೊಳಿ ನೀರು ಕುಡದ್ಯೇನವ್ವಾ? ಭಾಳ ಸಿಹಿ ಇರ್ತೈತಿ."

ಮಗಳು ನನ್ನ ಮುಖ ನೋಡಿದಳು. ನಾನು, "ಹ್ಞೂಂ, ಕುಡದ್ಲು" ಅಂದೆ.